ನಾಲ್ಕನೇ ಕಂತು, ಅಡುಗೆಮನೆ

ಕಾರ್ಡಿಫ್ ಬಂದರಿನ ಹಿಂದೆ, ಹಳೆಯ ಕಲ್ಲಿದ್ದಲು ಕಚೇರಿಯ
ಮೂರನೇ ಮಹಡಿಯಲ್ಲಿ ನನ್ನ ಮೇಜು.
ಹಾಡುಗಳಿಗೆ ಅನುಮತಿ ಕೇಳುವುದು ಕೆಲಸ.
ಇಪ್ಪತ್ತಾರು ವರ್ಷ ಕೇಳಿದ್ದೇನೆ
ಸತ್ತವರ ಸೋದರಳಿಯಂದಿರನ್ನು, ಬಿಟ್ಟುಹೋದ ಹೆಂಡತಿಯರನ್ನು,
ಒಂದು ಸಾಲನ್ನೂ ಗುನುಗದ ಬ್ಯಾಂಕುಗಳನ್ನು.

ಈ ವಾರ ಬಂದದ್ದು ಎಂಬತ್ತಾರರ ಧಾರಾವಾಹಿ.
ಬಿಸ್ಕತ್ತು ಕಾರ್ಖಾನೆಯ ಹೆಂಗಸರು, ಮುಷ್ಕರ, ಸಾಲ.
ಮತ್ತೆ ತೋರಿಸುತ್ತಾರಂತೆ, ಫೋನಿನಲ್ಲೂ, ವಿಮಾನದಲ್ಲೂ,
"ಇನ್ನೂ ಹುಟ್ಟದ ಯಾವುದೇ ಮಾಧ್ಯಮದಲ್ಲೂ."
ಹಳೆಯ ಒಪ್ಪಂದ ತೆಗೆದೆ. ಅರ್ಧ ಹಾಳೆ, ಚಹದ ಕಲೆ.
ಐದು ವರ್ಷ, ಎರಡು ಪ್ರಸಾರ, ಈ ದ್ವೀಪಗಳಿಗೆ ಮಾತ್ರ.
ಅಂದಿನವರ ನಾಳೆ ಅಷ್ಟೇ ಉದ್ದವಿತ್ತು.

ನಾಲ್ಕನೇ ಕಂತು, ಹನ್ನೊಂದನೇ ನಿಮಿಷ:
ಗಂಡ ಮನೆ ಬಿಟ್ಟ ಮರುದಿನ ಮೆರಿಯೆಲ್
ತಟ್ಟೆ ತೊಳೆಯುತ್ತಾಳೆ. ಕಿಟಕಿಯ ಕಟ್ಟೆಯ ಮೇಲೆ ರೇಡಿಯೋ,
ಅದರಲ್ಲಿ ಆ ಬೇಸಿಗೆ ಊರೆಲ್ಲರ ಬಾಯಲ್ಲಿದ್ದ ಹಾಡು.
ಮೊದಲು ಹೆಬ್ಬೆರಳು ಸಿಂಕಿನ ಅಂಚಿಗೆ ತಾಳ ಹಾಕುತ್ತದೆ,
ಆಮೇಲೆ ಹಿಮ್ಮಡಿ, ಆಮೇಲೆ ಸೊಂಟ;
ಒದ್ದೆ ಕೈಯಲ್ಲೇ ಕುಣಿಯುತ್ತಾಳೆ ಒಬ್ಬಳೇ,
ಎರಡು ಸಾಲು ಬಾಯಿಬಿಟ್ಟು ಹಾಡಿ, ಮೂರನೆಯದಕ್ಕೆ ಅಳುತ್ತಾಳೆ.

ನನಗೂ ಆ ಬೇಸಿಗೆ ಇಪ್ಪತ್ತು.
ಬ್ಯಾರಿಯ ಕಡಲದಂಡೆ, ತೊಟ್ಟಿಲ ಚಕ್ರದ ಒಡಕು ಸ್ಪೀಕರು.
ಯಾರ ಹೆಗಲಿಗೆ ತಲೆ ಆನಿಸಿದ್ದೆನೋ ಮರೆತಿದೆ,
ಎರಡನೇ ಚರಣ ಮರೆತಿಲ್ಲ.

ಆ ಹಾಡೀಗ ಮೂರು ಪಾಲು.
ಪದಗಳು ಟೊರಾಂಟೋದ ಒಂದು ಪಿಂಚಣಿ ನಿಧಿಗೆ,
ರಾಗದ ಅರ್ಧ ರಿಲ್ ಊರಿನ ವಿಧವೆಗೆ,
ಉಳಿದರ್ಧ ಯಾರದೆಂದು ಕೋರ್ಟಿನಲ್ಲಿದೆ.
ವಿಧವೆ ಮಾತ್ರ ಫೋನೆತ್ತಿದಳು. "ತಗೊಳ್ಳಮ್ಮ," ಅಂದಳು,
"ಅವನದನ್ನು ಕಟ್ಟಿದ್ದು ನನ್ನ ಸ್ಕೂಟರಿನ ಕಂತು ತೀರಿಸಲು."
ನಿಧಿಯವರು ಒಂದು ಅಂಕಿ ಕಳಿಸಿದರು, ಬರೀ ಅಂಕಿ.
ಅಷ್ಟರಲ್ಲಿ ಮೆರಿಯೆಲ್‌ಳ ಕಾರ್ಖಾನೆಯನ್ನೇ ಕೊಳ್ಳಬಹುದಿತ್ತು.

ಬದಲಿಸಿ ಎಂದರು ಮೇಲಿನವರು.
ಸಂಕಲನಕಾರ ಟೊಮಾಷ್ ಗೋದಾಮಿನಿಂದ ತೆಗೆದ
ಎರಡು ಸಾವಿರದ ಇನ್ನೂರ ಹದಿನಾಲ್ಕನೇ ಟ್ರ್ಯಾಕು:
"ಲವಲವಿಕೆ, ಗಿಟಾರ್, ಮನೆಯ ವಾತಾವರಣ."
ಹಾಕಿ ನೋಡಿದೆವು.
ಹಿಮ್ಮಡಿ ಒಂದು ಕಡೆ, ತಾಳ ಇನ್ನೊಂದು ಕಡೆ,
ಎರವಲು ಚಪ್ಪಲಿ ಮೆಟ್ಟಿ ಮದುವೆಗೆ ಬಂದವಳ ಹಾಗೆ.
ತುಟಿಗಳಂತೂ ಯಾರೂ ಕೇಳದ ಏನನ್ನೋ ಹೇಳುತ್ತಿದ್ದವು.
ತುಟಿಯ ಮೇಲೆ ಕೆಟಲಿನ ಸದ್ದು ಹಾಕೋಣವೆಂದ ಟೊಮಾಷ್.
ಹಾಕಿದ. ಕೆಟಲು ಅವಳಿಗಿಂತ ಮೊದಲೇ ಅತ್ತಿತು.

ರಾತ್ರಿ ಎಂಟಾಯಿತು. ಸದ್ದು ಪೂರ್ತಿ ಇಳಿಸಿ
ಅದನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದೆವು.
ಕಸದ ಬುಟ್ಟಿ ಒಯ್ಯಲು ಬಂದ ಹೊದಾನ್
ಬಾಗಿಲಲ್ಲೇ ನಿಂತಳು. ಪರದೆಯತ್ತ ನೋಡಿದವಳೇ
ಎತ್ತಿಕೊಂಡಳು ಹಾಡನ್ನು, ಅದನ್ನೇ, ಅದೇ ಜಾಗದಿಂದ,
ಮೆರಿಯೆಲ್ ತುಟಿ ತೆರೆದಲ್ಲಿ ತೆರೆದು
ಮುಚ್ಚಿದಲ್ಲಿ ಮುಚ್ಚಿ.
ಹಿಮ್ಮಡಿ ಬಂದು ತಾಳದ ಮೇಲೆ ಕೂತಿತು.

ಬರ್ಬೆರಾದಿಂದ ಬಂದ ಹೊಸದರಲ್ಲಿ, ಎಂದಳು,
ಇಂಗ್ಲಿಷು ಕಲಿತದ್ದು ಇದರಿಂದಲೇ. ಪಕ್ಕದ ಮನೆಯವರು
ಟೇಪಿನಲ್ಲಿ ಹಿಡಿದಿಟ್ಟಿದ್ದರು. ಹಿಂದಕ್ಕೆ ಓಡಿಸಿ ಓಡಿಸಿ
ಈ ಜಾಗ ಸವೆದು ಬಿಳಿ ಗೆರೆ ಎದ್ದಿತ್ತು.
ಕಾನೂನಿನ ಕಣ್ಣಲ್ಲಿ ಆ ಟೇಪು ಇರಬಾರದು.
ಇಪ್ಪತ್ತಾರು ವರ್ಷದ ನಾಲಿಗೆ ಹಾಗೆನ್ನಲು ಹೊರಟಿತ್ತು,
ಕೇಳಿದ್ದು ಮಾತ್ರ: ಇನ್ನೂ ಇದೆಯಾ?
"ಬೂಷ್ಟು ಹಿಡಿದಿದೆ. ಯಾಕೆ, ಬೇಕಾ?"
ಟೊಮಾಷ್ ಗಾಬರಿಯಲ್ಲಿ ಮೈಕಿನ ಗುಂಡಿ ನೋಡಿದ.
ಆಫ್ ಇತ್ತು. ಗುನುಗಿದ್ದಕ್ಕೂ ದರವಿದೆ.

ಕೊನೆಗೆ ನಾವು ಏನನ್ನೂ ಹಾಕಲಿಲ್ಲ.
ಗಿಟಾರಿಲ್ಲ, ಕೆಟಲಿಲ್ಲ. ನಲ್ಲಿಯ ನೀರು, ತಟ್ಟೆ.
ಮೌನಕ್ಕೆ ವಾರಸುದಾರರಿಲ್ಲ, ಹುಡುಕಿ ನೋಡಿದ್ದೇನೆ.
ಹುಚ್ಚಿಯ ಹಾಗೆ ಕಾಣುತ್ತಾಳಲ್ಲ ಎಂದು ಬೈದರು ಮೇಲಿನವರು.
ಹೌದು. ಹಾಡು ಗೊತ್ತಿಲ್ಲದವರಿಗೆ.

ನಮೂನೆಯ ಕೊನೆಯ ಖಾನೆ: ಬಳಸಿದ ಹಾಡು, ಸೆಕೆಂಡುಗಳಲ್ಲಿ.
ಸೊನ್ನೆ ಬರೆದೆ.
ಬರೆಯುವಾಗ ಎಡಗೈ ಬೆರಳು ಮೇಜಿನ ಅಂಚಿಗೆ
ಕುಟ್ಟುತ್ತಲೇ ಇತ್ತು; ಅಷ್ಟರಲ್ಲಿ
ಸೋಮವಾರದ ಫೈಲು ಬಂತು.